ಅರ್ಧ ಘಾಟಿ

ಕೋಡಿಬಾಗದಿಂದ ಹೊರಟಾಗ ಐದೂಕಾಲು.
ಬೆನ್ನ ಹಿಂದೆ ಕಾಳಿ ನದಿ, ಅದರ ಬಾಯಲ್ಲಿ
ಒಂದು ದೋಣಿ, ಬೀಡಿಯಷ್ಟೇ ಬೆಳಕು.
ಕ್ಯಾರಿಯರಿಗೆ ಕಟ್ಟಿದ್ದು: ಎರಡು ಚೂಡಿದಾರ,
ಒಂದು ಟ್ಯೂಬು, ಪಂಪು, ಅವಲಕ್ಕಿ ಡಬ್ಬಿ,
ಮತ್ತೆ ರಜೆಗೆ ಮುಂಚೆ ಏಳನೇ ಕ್ಲಾಸು
ಬಿಡಿಸಿಕೊಟ್ಟ ನಕಾಶೆ:
ಸಮುದ್ರಕ್ಕೆ ನೀಲಿ, ಘಟ್ಟಕ್ಕೆ ಹಸಿರು,
ರಸ್ತೆಗೆ ಕೆಂಪು ಪೆನ್ಸಿಲ್ ಸಿಗದೆ
ಯಾರದೋ ಅವ್ವನ ಕುಂಕುಮ.

ಬಿಣಗಾ ಏರಿನಲ್ಲಿ ಮೊದಲ ಪಾಠ:
ಐವತ್ತೆರಡರ ಮೊಣಕಾಲು ಸುಳ್ಳು ಹೇಳುವುದಿಲ್ಲ.
ಲಾರಿಗಳು ಸುರಂಗಕ್ಕೆ ಹೋದವು,
ನಾನು ಹಳೇ ರಸ್ತೆಗೆ.

ಅಮದಳ್ಳಿ, ತೋಡೂರು, ಹಾರವಾಡ, ಅವರ್ಸಾ.
ಇಪ್ಪತ್ತು ವರ್ಷ ಇವು ಕಂಡಕ್ಟರನ ಸೀಟಿ ಮಾತ್ರ.
ಸೈಕಲ್ಲಿಗೆ ಒಂದೊಂದು ಊರೂ ಒಂದೊಂದು ವಾಸನೆ:
ಒಣಗಿದ ಬಂಗಡೆ, ಕೊಳೆಹಾಕಿದ ತೆಂಗಿನ ನಾರು,
ಯಾರದೋ ಒಲೆಯ ಮೇಲೆ ಹುರಿಯುವ ಕೊತ್ತಂಬರಿ,
ಆಮೇಲೆ ಇದ್ದಕ್ಕಿದ್ದಂತೆ
ಏನೂ ಅಲ್ಲದ ಗಾಳಿ. ಸಮುದ್ರ.

ಅಂಕೋಲೆಯಲ್ಲಿ ಈಸಾಡು ಹಣ್ಣಿನ ಬುಟ್ಟಿಯ ಹಿಂದಿಂದ
ಮುದುಕಿ ಸಾತು ಗೌಡ ಕೇಳಿದಳು,
"ಬಸ್ಸು ತಪ್ಪೋಯ್ತೇ ಅಕ್ಕೋರೇ?"
ಇಲ್ಲ.
"ಹಂಗಾರೆ ಗಂಡ ಬೈದ್ನೇ?"
ಗಂಡನೇ ಇಲ್ಲ ಎಂದೆ.
ಒಂದು ಹಣ್ಣು ಹೆಚ್ಚಿಗೆ ಹಾಕಿದಳು,
ಕನಿಕರಕ್ಕೋ, ಹೊಟ್ಟೆಕಿಚ್ಚಿಗೋ.

ತದಡಿಯ ತಾರಿಯಲ್ಲಿ ಬೀರ ಅಂಬಿಗ
ಸೈಕಲ್ಲಿಗೂ ಟಿಕೀಟು ಹರಿದ:
"ಇದ್ಕೂ ಎರಡು ಕಾಲುಂಟಲ್ಲ."
ಅಘನಾಶಿನಿಯ ನಡುನೀರಲ್ಲಿ
ತುಳಿಯದೆಯೇ ಮುಂದೆ ಹೋಗುತ್ತಿದ್ದೆ.
ಕಾಲಿಗೆ ಅದು ಗೊತ್ತಾಗಲಿಲ್ಲ.
ನಿಂತಲ್ಲೇ ತೊಡೆ ತುಳಿಯುತ್ತಲೇ ಇತ್ತು,
ಸತ್ತವರಿಗೂ ಚಹಾ ಸೋಸಿಡುವ ಕೈಯ ಹಾಗೆ.

ರಾತ್ರಿ ಕುಮಟೆ. ಬ್ರೇಕು ಬಿಗಿ ಮಾಡುತ್ತ ಸಾಂತಾನ್ ಲೋಪಿಸ್ ಹೇಳಿದ,
"ಘಾಟಿಗೆ ಮಂತ್ರ ಇಲ್ಲ ಅಕ್ಕೋರೇ. ತಲೆ ಎತ್ಬೇಡಿ.
ಮುಂದಿನ ಚಕ್ರದಿಂದ ಒಂದು ಮಾರು, ಅಷ್ಟೇ ನೋಡಿ."

ಕತಗಾಲ ದಾಟಿದ ಮೇಲೆ ನೋಡಿದೆ.
ಒಂದು ಮಾರಿನಲ್ಲಿ ಎಷ್ಟೆಲ್ಲ:
ಕೆಂಪಿರುವೆಯ ಸಾಲು, ರೊಟ್ಟಿಯಾದ ಕಪ್ಪೆ,
ಮಂಗ ಕಚ್ಚಿ ಬಿಸುಟ ಮುರುಗಲ ಸಿಪ್ಪೆ,
ಒಂದು ಹಸಿರು ಬಳೆಚೂರು.
ಬೆವರ ಹನಿ ಬಿದ್ದಲ್ಲಿ ಡಾಂಬರು ಒಂದು ಕ್ಷಣ ಕಪ್ಪಾಗಿ
ಮತ್ತೆ ಬೂದಿ.
ತಿರುವು ಎಣಿಸಿದೆ. ಏಳು. ಎಂಟು.
ಒಂಬತ್ತರಲ್ಲಿ ಉಸಿರು
ಗಾಳಿಗೆ ಸಿಕ್ಕ ಹರಕು ಕೊಡೆ.
ಹನ್ನೊಂದರಲ್ಲಿ ಇಳಿದೆ.
ನೀರಿನ ಬಾಟಲಿಯನ್ನು ಮೈಲಿಗಲ್ಲಿನ ತಲೆಯ ಮೇಲಿಟ್ಟು
ಅದರ ಪಕ್ಕದಲ್ಲಿ ಇನ್ನೊಂದು ಕಲ್ಲಾಗಿ ಕೂತೆ.

ಆಗ ಖಲಂದರನ ಪಿಕಪ್ಪು,
ಶಿರಸಿ ಪೇಟೆಗೆ ತಾರಲೆ ಮೀನು,
ಹಿಂದಿನಿಂದ ಐಸು ಕರಗಿ ಸೋರುತ್ತ.
"ಹತ್ತಿ ಅಕ್ಕೋರೇ. ಯಾರಿಗೂ ಹೇಳೂದಿಲ್ಲ."

ಹತ್ತಿದೆ.

ಶಿರಸಿಯ ಲಾಡ್ಜಿನ ಹುಡುಗ ಸೈಕಲ್ ಮೂಸಿ ನೋಡಿದ.
"ಘಾಟಿ ತುಳ್ಕೊಂಡೇ ಬಂದ್ರಾ?"
ಹ್ಞೂಂ ಎಂದೆ.
ನಕಲು ಹೊಡೆದವರನ್ನು ಬೆಂಚಿನ ಮೇಲೆ ನಿಲ್ಲಿಸುವ ಬಾಯಿ
ಹ್ಞೂಂ ಎಂದಿತು.
ಅವನು ಬಿಸಿನೀರಿಗೆ ಹಣ ತೆಗೆದುಕೊಳ್ಳಲಿಲ್ಲ.

ಮರುದಿನ ಇಳಿಜಾರು.
ಎಷ್ಟು ದಿನದಿಂದ ಕಾದಿದ್ದ ಇಳಿಜಾರು!
ಕೂದಲು ಹಾರಬೇಕು, ಚೀರಬೇಕು ಅಂದುಕೊಂಡಿದ್ದೆ.
ಮೇಲಿನ ತಿರುವುಗಳೆಲ್ಲ
ಮದುವೆಮನೆಯಲ್ಲಿ ನನ್ನ ಗುರುತಿಲ್ಲದ ನೆಂಟರಂತೆ
ಮುಖ ತಿರುಗಿಸಿ ನಿಂತಿದ್ದವು.
ಬ್ರೇಕು ಹಿಡಿದೇ ಇಳಿದೆ,
ಯಾರದೋ ಮನೆಯ ಮೆಟ್ಟಿಲು ಇಳಿಯುವ ಹಾಗೆ.

ಹನ್ನೊಂದರಲ್ಲಿ ಬಾಟಲಿ ಅಲ್ಲೇ ಇತ್ತು.
ಮುಚ್ಚಳಕ್ಕೆ ಮಂಗನ ಹಲ್ಲು. ನೀರು ಬೆಚ್ಚಗೆ.
ಕುಡಿದೆ.
ಕೆಳಗೆ ಬಳೆಚೂರು ಕಾಯುತ್ತಿತ್ತು, ಇರುವೆಗಳು,
ಲೆಕ್ಕ ಚುಕ್ತಾ ಆದ ಹತ್ತು ತಿರುವು.

ಸೈಕಲ್ ತಿರುಗಿಸಿದೆ.
ಮೇಲಕ್ಕೆ, ಒಂದೇ ಒಂದು,
ಹನ್ನೆರಡನೆಯದನ್ನು ತುಳಿದೆ.
ಅಲ್ಲಿ ನೋಡುವಂಥದ್ದು ಏನಿರಲಿಲ್ಲ.
ಒಂದು ಕೈಕಂಬ, ಒಂದು ಹಳೇ ಚಪ್ಪಲಿ.

ನಕಾಶೆ ಬಿಚ್ಚಿದೆ. ಬೆವರಿಗೆ ಕುಂಕುಮ ಹರಡಿ
ರಸ್ತೆ ಸಮುದ್ರದೊಳಕ್ಕೂ ಹೋಗಿಬಿಟ್ಟಿದೆ.
ಹಸಿರಿನ ಮೇಲೆ, ಹನ್ನೆರಡಿರಬೇಕಾದ ಜಾಗದಲ್ಲಿ,
ಉಗುರಿನಿಂದ ಒಂದು ಗೀರು ಎಳೆದೆ.
ಜೂನಿನಲ್ಲಿ ಹುಡುಗರಿಗೆ ಹೇಳಬೇಕು:
ಇಲ್ಲಿವರೆಗೆ ನಿಮ್ಮ ಅಕ್ಕೋರು.
ಇಲ್ಲಿಂದ ಮೇಲೆ
ಮೀನು.